ಮುಸಿ ಹೊಳೆ ದಡದಲ್ಲಿ ಮನೆ ಕೊಳ್ಳಲು ಹೊರಟವರಿಗೆ

ಇಂಡೋನೇಷ್ಯಾದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ, ಮತ್ತು ಊರಲ್ಲೇ ಇದ್ದುಕೊಂಡು ಇಲ್ಲಿ ದುಡ್ಡು ಹಾಕೋಣ ಎಂದು ಯೋಚಿಸುತ್ತಿರುವವರಿಗೆ, ದಕ್ಷಿಣ ಸುಮಾತ್ರಾದ ಪಾಲೆಂಬಾಂಗ್ ನಗರದಿಂದ ನಮಸ್ಕಾರ.

ಎರಡು ಮೂರು ವರ್ಷದಿಂದ ನನಗೆ ಒಂದೇ ಥರದ ಕರೆ ಬರುತ್ತಿದೆ. ಮೊದಲು ವಾಟ್ಸಾಪಿಗೆ ಒಂದು ಫೋಟೋ ಬರುತ್ತದೆ. ರಾತ್ರಿ ದೀಪ ಹಾಕಿದ ಅಂಪೆರಾ ಸೇತುವೆ, ಕೆಳಗೆ ಹೊಳೆಯುವ ನೀರು, ದಡದಲ್ಲಿ ಸಾಲು ಮನೆಗಳು. ಆಮೇಲೆ ಫೋನು. "ಅಣ್ಣಾ, ಹೊಳೆ ಬದಿ ಜಾಗ ಇದೆಯಂತೆ, ತುಂಬ ಕಡಿಮೆಗೆ ಸಿಗುತ್ತದಂತೆ. ಅಲ್ಲಿಯವರೊಬ್ಬರ ಹೆಸರಲ್ಲಿ ಬರೆಸಿಟ್ಟರೆ ಸಾಕಂತೆ. ಹತ್ತಿಪ್ಪತ್ತು ಲಕ್ಷ ಹಾಕಿ ಹೋಮ್‌ಸ್ಟೇ ಮಾಡಿದ್ರೆ ಹೇಗೆ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಕೂತು ಹೇಳಿದ್ದೇನೆ. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ದಡದಲ್ಲಿ ಬಾಡಿಗೆಗೆ ಇರಿ. ಮನಸ್ಸಿದ್ದರೆ ಇಲ್ಲಿಯವರ ಜೊತೆ ಸೇರಿ ದುಡಿಯಿರಿ. ಆದರೆ ಬೇರೆಯವರ ಹೆಸರಲ್ಲಿ ದಡವನ್ನು ಕೊಳ್ಳಬೇಡಿ. ನಿಮ್ಮ ದುಡ್ಡೂ ಉಳಿಯುವುದಿಲ್ಲ, ಅಲ್ಲಿರುವ ಸಂಸಾರವೂ ಬೀದಿಗೆ ಬೀಳುತ್ತದೆ. ನಾನು ಒಮ್ಮೆ ಈ ತಪ್ಪು ಮಾಡಲು ಹೋಗಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಸುಳ್ಯದ ಕಡೆಯವನು. ಪಯಸ್ವಿನಿಯಲ್ಲಿ ಈಜು ಕಲಿತವನು. ನಮ್ಮಲ್ಲಿ ಅಡಿಕೆಯ ಜೊತೆ ರಬ್ಬರ್ ತೋಟವೂ ಇದೆ ಅಲ್ವಾ, ಆ ಕೆಲಸ ಗೊತ್ತಿದ್ದದ್ದರಿಂದ 2013ರಲ್ಲಿ ಇಲ್ಲಿನ ಒಂದು ರಬ್ಬರ್ ಕಾರ್ಖಾನೆಗೆ ಬಂದೆ. ದಕ್ಷಿಣ ಸುಮಾತ್ರಾ ಎಂದರೆ ರಬ್ಬರಿನ ಸೀಮೆ. ಕಾರ್ಖಾನೆಗಳು ಬಹಳಷ್ಟು ಇರುವುದು ಮುಸಿ ಹೊಳೆಯ ದಡದಲ್ಲೇ. ಗಾಳಿ ತಿರುಗಿದ ದಿನ ಹಸಿ ರಬ್ಬರಿನ ಕೊಳೆತ ವಾಸನೆ ಅಡುಗೆ ಕೋಣೆಯವರೆಗೂ ಬರುತ್ತದೆ. ನನಗೆ ಅದು ಅಭ್ಯಾಸ. ಫೋಟೋ ನೋಡಿ ಮನೆ ಹುಡುಕುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಪಾಲೆಂಬಾಂಗಿನಲ್ಲಿ ಈಗ 17 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಊರಿನ ನಡುವೆ ಮುಸಿ ಹರಿಯುತ್ತದೆ. ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಹೈದರಾಬಾದಿನ ಮೂಸಿ ನೆನಪಾಗುತ್ತದೆ. ಆ ಮೂಸಿ 1908ರಲ್ಲಿ ಉಕ್ಕಿ ಹೈದರಾಬಾದನ್ನೇ ಮುಳುಗಿಸಿದಾಗ, ನೆರೆ ತಡೆಯುವ ದಾರಿ ಕೇಳಲು ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಮೊದಲು ನೋಡಿದ್ದು ಮಳೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲಬೇಕು ಎನ್ನುವುದನ್ನು. ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯ ಕಟ್ಟಿ ಎಂದರು. ಈ ಮುಸಿಯ ಪಕ್ಕ ಮನೆ ನೋಡುವಾಗಲೂ ಮೊದಲು ಕೇಳಬೇಕಾದ್ದು ಅದನ್ನೇ. ನೀರು ಎಲ್ಲಿ ನಿಲ್ಲುತ್ತದೆ?

ಹೊಳೆಯ ಉತ್ತರಕ್ಕೆ ಇಲಿರ್, ದಕ್ಷಿಣಕ್ಕೆ ಉಲು. ಬೀದಿಗಳಿಗೆ ನಂಬರು. 7 ಉಲು, 10 ಉಲು, 13 ಉಲು, 16 ಇಲಿರ್ ಎಂದರೆ ಆಟೋದವನಿಂದ ಹಿಡಿದು ಮೀನು ಮಾರುವವಳವರೆಗೆ ಎಲ್ಲರಿಗೂ ಗೊತ್ತು. ಎರಡೂ ದಡ ಸೇರಿಸುವ ಅಂಪೆರಾ ಸೇತುವೆಯ ಕೆಲಸ ಶುರುವಾದದ್ದು 1962ರಲ್ಲಿ, ಜನರಿಗೆ ತೆರೆದದ್ದು 1965ರಲ್ಲಿ. ಎರಡನೇ ಮಹಾಯುದ್ಧದ ಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ ಕಟ್ಟಿದ್ದು. ಮೊದಲೆಲ್ಲ ದೊಡ್ಡ ಹಡಗು ಬಂದರೆ ನಡುವಿನ ಭಾಗವನ್ನು ಮೇಲೆತ್ತುತ್ತಿದ್ದರಂತೆ. 1970ರ ನಂತರ ಎತ್ತಿಲ್ಲ. 2018ರ ಏಷ್ಯನ್ ಗೇಮ್ಸ್‌ಗೆ ಎಂದು ಏರ್‌ಪೋರ್ಟಿನಿಂದ ಉಲು ಕಡೆಯ ಕ್ರೀಡಾಂಗಣಗಳಿರುವ ಜಕಾಬಾರಿಂಗ್‌ವರೆಗೆ ಲಘು ರೈಲು ಬಂತು. ಅದೂ ಅಂಪೆರಾ ಪಕ್ಕದಲ್ಲೇ ಹೊಳೆ ದಾಟುತ್ತದೆ. ಉಲು ಕಡೆ ಜಾಗದ ಬೆಲೆ ಏರಲು ಈ ರೈಲು ಒಂದು ಕಾರಣ. ನಿಮಗೆ ಬರುವ ಫೋಟೋಗಳಲ್ಲಿ ಅದರ ಕಂಬಗಳನ್ನೂ ನೋಡಿರುತ್ತೀರಿ.

ನಾನು ಇರುವುದು ಉಲು ಕಡೆ, ದಡದಿಂದ ನಾಲ್ಕನೇ ಮನೆಯಲ್ಲಿ. ಬಾಡಿಗೆ ಮನೆ. ಇಲ್ಲಿ ಅದಕ್ಕೆ ಕೊಂತ್ರಾಕ್ ಎನ್ನುತ್ತಾರೆ. ವರ್ಷದ ಬಾಡಿಗೆಯನ್ನು ಒಟ್ಟಿಗೆ ಮುಂಗಡ ಕೊಡುವುದು ಪದ್ಧತಿ. ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ಯುಕ್ ಎಂದು ಕರೆಯುತ್ತಾರೆ, ಅಂದರೆ ಅಕ್ಕ. ನಾನೂ ಹಾಗೇ ಕರೆಯುತ್ತೇನೆ. ಮನೆ ನಿಂತಿರುವುದು ಉಂಗ್ಲೆನ್ ಎಂಬ ಮರದ ಕಂಬಗಳ ಮೇಲೆ. ಕಬ್ಬಿಣದಂಥ ಮರ. ನೀರಲ್ಲಿ ಎಷ್ಟು ವರ್ಷ ನಿಂತರೂ ಬೇಗ ಕೊಳೆಯುವುದಿಲ್ಲ.

ಸಮುದ್ರ ಇಲ್ಲಿಂದ ಬಹಳ ದೂರ. ಆದರೂ ಅದರ ಉಬ್ಬರ ಇಲ್ಲಿಯವರೆಗೆ ಬರುತ್ತದೆ. ಬೆಳಿಗ್ಗೆ ನೋಡಿದಾಗ ಹನ್ನೊಂದು ಮೆಟ್ಟಿಲು ಕಾಣುವ ಕಡವಿನಲ್ಲಿ ಸಂಜೆ ನಾಲ್ಕೇ ಮೆಟ್ಟಿಲು ಉಳಿದಿರುತ್ತವೆ. ಹುಣ್ಣಿಮೆಯ ಹತ್ತಿರ, ಮೇಲಿಂದ ಮಳೆ ನೀರೂ ಸೇರಿದರೆ, ಮನೆಯ ಅಡಿಯಲ್ಲಿ ನೀರು ಚಪ್ಪಳಿಸುವ ಸದ್ದು ರಾತ್ರಿಯಿಡೀ ಕೇಳುತ್ತದೆ. ಮೊದಲ ತಿಂಗಳು ನನಗೆ ನಿದ್ದೆಯೇ ಬರಲಿಲ್ಲ. ಈಗ ಸದ್ದಿಲ್ಲದಿದ್ದರೆ ಎಚ್ಚರವಾಗುತ್ತದೆ.

ಬಂದ ಮೊದಲ ಮಳೆಗಾಲದಲ್ಲಿ ಯುಕ್ ನನ್ನನ್ನು ಮನೆಯ ಕೆಳಗೆ ಕರೆದುಕೊಂಡು ಹೋದರು. ಮೂಲೆಯ ಕಂಬದಲ್ಲಿ ಕತ್ತಿಯಿಂದ ಗೀರಿದ ಗೆರೆಗಳಿದ್ದವು. ಏಳೆಂಟು ಇರಬಹುದು, ಒಂದರ ಮೇಲೊಂದು. "ಇದು ನನ್ನ ಮದುವೆಯಾದ ವರ್ಷದ ನೀರು. ಇದು ದೊಡ್ಡ ಮಗ ಹುಟ್ಟಿದ ವರ್ಷದ್ದು. ಇದು ಅಪ್ಪ ತೀರಿಕೊಂಡ ವರ್ಷ" ಎಂದು ಬೆರಳಿಟ್ಟು ತೋರಿಸಿದರು. ಒಂದು ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. "ಗೋಡೆಗೆ ಯಾವ ಬಣ್ಣ ಬೇಕಾದ್ರೂ ಹೊಡಿ, ಈ ಕಂಬಕ್ಕೆ ಮಾತ್ರ ಹೊಡಿಬೇಡ" ಎಂದರು. ನಮ್ಮ ಕಡೆಯೂ ಹೀಗೇ ಅಲ್ವಾ? ಬಂಟ್ವಾಳದ ಹಿರಿಯರು ಇವತ್ತಿಗೂ ಹೊಸ ಮನೆ ಕಟ್ಟುವವರಿಗೆ 74ರ ನೆರೆ ಎಲ್ಲಿವರೆಗೆ ಬಂದಿತ್ತು ಎಂದು ತೋರಿಸುತ್ತಾರೆ. ಹೊಳೆ ಬದಿ ಜಾಗದ ನಿಜವಾದ ದಾಖಲೆ ಅದು. ಬ್ರೋಕರ್ ಕಳಿಸುವ ಪಿಡಿಎಫ್‌ನಲ್ಲಿ ಅದು ಇರುವುದಿಲ್ಲ.

ಇಲ್ಲಿನ ಬದುಕು ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಮಸೀದಿಯ ಬಾಂಗ್ ಆದ ಸ್ವಲ್ಪ ಹೊತ್ತಿಗೆ ಕೆತೆಕ್ ದೋಣಿಗಳ ಸದ್ದು ಶುರು. ಅದರ ಇಂಜಿನ್ ಟೆಕ್ ಟೆಕ್ ಅನ್ನುವುದರಿಂದಲೇ ಆ ಹೆಸರು. ದೋಣಿ ನಡೆಸುವವರನ್ನು ಮಾಂಗ್ ಎನ್ನಬೇಕು, ಚಿಕ್ಕಪ್ಪ ಎಂದ ಹಾಗೆ. ಮಾಂಗ್ ಎಂದು ಕೂಗಿದರೆ ದಡಕ್ಕೆ ಬರುತ್ತಾರೆ, ಹತ್ತು ನಿಮಿಷದಲ್ಲಿ 16 ಇಲಿರ್ ಮಾರ್ಕೆಟ್ಟು ಮುಟ್ಟಿಸುತ್ತಾರೆ. ಪೆಂಪೆಕ್ ಎಂಬ ತಿಂಡಿ ಇಲ್ಲಿಯ ಪ್ರಾಣ. ಮೀನು ಅರೆದು ಸಾಬಕ್ಕಿಯಂಥ ಹಿಟ್ಟಿನ ಜೊತೆ ನಾದಿ ಬೇಯಿಸುವುದು. ಅದರ ಜೊತೆಗೆ ಚುಕೋ ಎಂಬ ಗೊಜ್ಜು. ತಾಳೆಬೆಲ್ಲ, ಬೆಳ್ಳುಳ್ಳಿ, ಮೆಣಸು, ಹುಳಿ. ಆ ಗೊಜ್ಜಿನ ರುಚಿಗೆ ನನ್ನ ಅಮ್ಮನ ಕೈಯಡುಗೆ ನೆನಪಾಗಿ ಮೊದಲ ದಿನ ಸುಮ್ನೆ ಕೂತುಬಿಟ್ಟಿದ್ದೆ. ಮೊದಲೆಲ್ಲ ಪೆಂಪೆಕ್ ಮಾಡುತ್ತಿದ್ದದ್ದು ಮುಸಿಯ ಬೆಲಿದಾ ಮೀನಿನಿಂದ. ಹಿಡಿದು ಹಿಡಿದು ಅದು ಅಪರೂಪವಾಗಿ, 2021ರಲ್ಲಿ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಈಗ ಬೇರೆ ಮೀನು ಹಾಕುತ್ತಾರೆ. ಹೊಳೆ ಬದಿಯ ಬದುಕು ಎಷ್ಟು ಬೇಗ ಬದಲಾಗುತ್ತದೆ ಎನ್ನುವುದು ತಟ್ಟೆಯಲ್ಲೇ ಕಾಣುತ್ತದೆ.

ಒಂದು ಹಳೆಯ ಸಂಗತಿ ಹೇಳಬೇಕು. ಪಾಲೆಂಬಾಂಗಿನ ಸುಲ್ತಾನರ ಕಾಲದಲ್ಲಿ ಚೀನೀಯರು, ಇತರ ಹೊರಗಿನ ವ್ಯಾಪಾರಿಗಳು ನೆಲದ ಮೇಲೆ ಮನೆ ಕಟ್ಟುವ ಹಾಗಿರಲಿಲ್ಲ. ಅವರು ಇರಬೇಕಾದದ್ದು ಹೊಳೆಯ ಮೇಲೆ, ತೇಲುವ ಮನೆಗಳಲ್ಲಿ. ಬಿದಿರಿನ ದಪ್ಪ ಕಟ್ಟುಗಳ ಮೇಲೆ ನಿಂತ ಮರದ ಮನೆ. ಅದಕ್ಕೆ ರುಮಾ ರಕಿತ್ ಎನ್ನುತ್ತಾರೆ. ಈಗಲೂ ಕೆಲವು ಉಳಿದಿವೆ. ನಿಧಾನಕ್ಕೆ ಕೆಲವರಿಗೆ ನೆಲ ಸಿಕ್ಕಿತು. ಕಂಪುಂಗ್ ಎಂದರೆ ಕೇರಿ. 7 ಉಲುವಿನಲ್ಲಿ ಚೀನೀ ಮುಖಂಡರ ಕಂಪುಂಗ್ ಕಪಿತಾನ್, 13 ಉಲುವಿನಲ್ಲಿ ಅರಬ್ ಮನೆತನಗಳ ಅಲ್ ಮುನವ್ವರ್. ಇವತ್ತು ಆ ಹಳೆ ಮನೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಂದರೆ ಈ ಊರಿಗೆ ಹೊರಗಿನವರು ಹೊಸಬರಲ್ಲ. ಹೊರಗಿನವರಿಗೆ ನೆಲ ಸುಲಭವಾಗಿ ಸಿಗುವುದಿಲ್ಲ ಎನ್ನುವುದೂ ಹೊಸದಲ್ಲ.

ನಮ್ಮ ಕಡವಿನ ಪಕ್ಕದ ತೇಲುವ ಮನೆಯ ಬಿದಿರು ಬದಲಿಸುವುದನ್ನು ಒಂದು ಸಲ ಇಡೀ ದಿನ ನೋಡಿದೆ. ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಲ್ಲದಿದ್ದರೆ ಮನೆ ಒಂದು ಕಡೆ ವಾಲುತ್ತದೆ. ಹೊಸ ಬಿದಿರು ಮೇಲಿನ ಊರುಗಳಿಂದ ಹೊಳೆಯಲ್ಲೇ ತೇಲಿಕೊಂಡು ಬಂತು. ಆರು ಜನ ಎದೆಮಟ್ಟ ನೀರಲ್ಲಿ ನಿಂತು, ಒಂದೊಂದೇ ಕಟ್ಟನ್ನು ನೀರೊಳಗೆ ಅದುಮಿ ಮನೆಯ ಅಡಿಗೆ ತಳ್ಳಿದರು. ಕಟ್ಟು ಒಳಗೆ ಹೋದ ಕೂಡಲೇ ಮನೆ ಒಂದು ಬೆರಳಿನಷ್ಟು ಮೇಲೆದ್ದಿತು. ಒಳಗೆ ಒಬ್ಬ ಅಜ್ಜಿ ಟಿವಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಜಿನ ಮೇಲೆ ಒಂದು ಲೋಟ ನೀರು. ಪ್ರತಿ ಸಲ ಮನೆ ಎದ್ದಾಗ ನೀರು ಯಾವ ಕಡೆ ವಾಲಿತು ಎಂದು ಅಜ್ಜಿ ಕೂಗಿ ಹೇಳುತ್ತಿದ್ದರು, ಕೆಳಗಿದ್ದವರು ಆ ಕಡೆಗೆ ಇನ್ನೊಂದು ಕಟ್ಟು ತಳ್ಳುತ್ತಿದ್ದರು. ಸಂಜೆಗೆ ಲೋಟದ ನೀರು ಮಟ್ಟಸವಾಯಿತು. ಹೊಳೆ ದಡದ ಮನೆ ಎಂದರೆ ಈ ಕೆಲಸ. ಇದು ಗೊತ್ತಿಲ್ಲದವರ ಕೈಗೆ ಮನೆ ಹೋದರೆ ಬಹಳ ದಿನ ನಿಲ್ಲುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. 2016ರಲ್ಲಿ ಪರಿಚಯದವರೊಬ್ಬರು ದಡದ ಒಂದು ಮನೆ ತೋರಿಸಿದರು. ಅಂಪೆರಾ ಕಾಣುವ ಜಾಗ. ನಾನು ವಿದೇಶಿ, ನನ್ನ ಹೆಸರಲ್ಲಿ ಆಗುವುದಿಲ್ಲ ಎಂದೆ. "ನನ್ನ ಹೆಸರಲ್ಲಿ ತಗೊಳ್ಳೋಣ. ನಮ್ಮಿಬ್ಬರ ಮಧ್ಯೆ ಒಂದು ಕರಾರು ಪತ್ರ ಮಾಡೋಣ. ಎಲ್ಲರೂ ಹಾಗೇ ಮಾಡೋದು" ಎಂದರು. ನಂಬಿದೆ. ಮುಂಗಡ ಎಂದು 40 ಮಿಲಿಯನ್ ರುಪಿಯಾ ಕೊಟ್ಟೆ. ಆಗಿನ ಲೆಕ್ಕದಲ್ಲಿ ನಮ್ಮ ಎರಡು ಲಕ್ಷ ರೂಪಾಯಿ. ತಂಗಿಯ ಮದುವೆಗೆಂದು ಇಟ್ಟ ದುಡ್ಡು.

ಒಂದು ವಾರದ ಮೇಲೆ ಮನೆ ನೋಡಲು ಒಬ್ಬನೇ ಹೋದೆ. ಬಾಗಿಲಲ್ಲಿ ಒಬ್ಬ ಹೆಂಗಸು ಮಗುವಿಗೆ ಊಟ ಮಾಡಿಸುತ್ತಾ ಕೂತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಹಾಗಾದ್ರೆ ನಾವು ಎಲ್ಲಿಗೆ ಹೋಗಬೇಕು?" ಎಂದು ಕೇಳಿದರು. ಅಷ್ಟೇ. ಆ ಮನೆಯಲ್ಲಿ ಅವರ ಅತ್ತೆ ಹುಟ್ಟಿದ್ದಂತೆ. ಮನೆ ಮಾರುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಕಾಗದ ಹಿಡಿದುಕೊಂಡಿದ್ದವರು ಬೇರೆ ಯಾರೋ. ಆ ಕಾಗದವೂ ಜಮೀನು ಕಚೇರಿ ಕೊಡುವ ಒಡೆತನದ ಸರ್ಟಿಫಿಕೇಟ್ ಅಲ್ಲ, ಬೀದಿಯ ಮುಖ್ಯಸ್ಥರ ಸಹಿ ಇದ್ದ ಒಂದು ಹಳೆ ಪತ್ರ. ಹಿಂದೆ ಸರಿದೆ. ಮುಂಗಡ ಹಿಂದೆ ಬರಲಿಲ್ಲ. ಕೇಸು ಹಾಕೋಣ ಎಂದು ವಕೀಲರ ಹತ್ತಿರ ಹೋದಾಗ ಅವರು ಕಾನೂನು ಪುಸ್ತಕ ತೆಗೆದು ಓದಿ ಹೇಳಿದರು. ಅದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಇಂಡೋನೇಷ್ಯಾದ ಜಮೀನಿನ ಮೂಲ ಕಾನೂನು 1960ರದ್ದು. ಅದರ ಪ್ರಕಾರ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಇಲ್ಲಿನ ಪ್ರಜೆಗಳಿಗೆ ಮಾತ್ರ. ಅದರ 26ನೇ ಕಲಮು ಇನ್ನೂ ಖಡಕ್ ಆಗಿದೆ. ನೇರವಾಗಿ ಆಗಲಿ, ಸುತ್ತು ದಾರಿಯಲ್ಲಿ ಆಗಲಿ, ಹಕ್ ಮಿಲಿಕ್ ಜಮೀನನ್ನು ವಿದೇಶಿಗೆ ದಾಟಿಸಿದರೆ ಆ ವ್ಯವಹಾರ ಮೊದಲಿಂದಲೇ ಅಸಿಂಧು. ಜಮೀನು ಸರ್ಕಾರಕ್ಕೆ. ಕೊಟ್ಟ ಹಣವನ್ನು ವಾಪಸ್ ಕೇಳುವ ಹಾಗಿಲ್ಲ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. "ಎಲ್ಲರೂ ಹಾಗೇ ಮಾಡೋದು" ಎನ್ನುವ ಬೇನಾಮಿ ಕರಾರು ಈ ಕಲಮಿನ ಕೆಳಗೆ ಬರುತ್ತದೆ. ಆ ಕರಾರು ಹಿಡಿದು ಕೋರ್ಟಿಗೆ ಹೋದರೆ ನಿಮ್ಮ ತಪ್ಪನ್ನು ನೀವೇ ಬರೆದುಕೊಟ್ಟ ಹಾಗೆ.

ಹಾಗಾದರೆ ವಿದೇಶಿಗರಿಗೆ ಏನೂ ಇಲ್ವಾ? ಇದೆ. ಇಲ್ಲಿ ವಾಸಿಸುವ ಪರವಾನಗಿ ಇದ್ದರೆ ಹಕ್ ಪಕೈ, ಅಂದರೆ ಬಳಕೆಯ ಹಕ್ಕು, ನಿಮ್ಮ ಹೆಸರಲ್ಲೇ ಸಿಗುತ್ತದೆ. 2021ರ ನಿಯಮದಂತೆ ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಆದರೆ ಮನೆ ಐಷಾರಾಮಿ ವರ್ಗದ್ದಾಗಿರಬೇಕು. ಒಬ್ಬರಿಗೆ, ಅಥವಾ ಒಂದು ಕುಟುಂಬಕ್ಕೆ, ಒಂದೇ ಜಾಗ, ಸಾಮಾನ್ಯವಾಗಿ 2,000 ಚದರ ಮೀಟರ್ ಮೀರಬಾರದು. ಪ್ರಾಂತಕ್ಕೆ ತಕ್ಕ ಹಾಗೆ ಕನಿಷ್ಠ ಬೆಲೆಯೂ ಇದೆ. ಅಂದರೆ ಹೊಳೆ ದಡದ ಕಂಪುಂಗ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಪುಟ್ಟ ಮರದ ಮನೆ ನಮಗಾಗಿ ಇರುವುದಲ್ಲ. ಅದು ಇಲ್ಲಿನ ಬಡವರಿಗೆ ಉಳಿಯಲಿ ಎಂದೇ ಕಾನೂನು ಹೀಗೆ ಬೇಲಿ ಹಾಕಿದೆ. ಈ ಬೇಲಿ ಇರುವುದು ಒಳ್ಳೆಯದೇ ಎಂದು ನನಗೆ ಅನ್ನಿಸುತ್ತದೆ.

ಕಂಪನಿ ಮಾಡಿ ಕೊಳ್ಳುತ್ತೇನೆ ಎನ್ನುವವರೂ ಇದ್ದಾರೆ. ಮಾಡಬಹುದು. ಆದರೆ ವಿದೇಶಿ ಬಂಡವಾಳದ ಕಂಪನಿಗೆ ಸಾಮಾನ್ಯವಾಗಿ ಜಾಗ, ಕಟ್ಟಡ ಬಿಟ್ಟು 10 ಬಿಲಿಯನ್ ರುಪಿಯಾಕ್ಕೂ ಜಾಸ್ತಿ ಹೂಡಿಕೆ ಇರಬೇಕು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ನಾಲ್ಕು ಕೋಣೆಯ ಹೋಮ್‌ಸ್ಟೇಗೆ ಇದು ದಾರಿಯಲ್ಲ.

ಇನ್ನು ದಡದ ಮಾತು. ಹೊಳೆ ಪಕ್ಕದ ಪಟ್ಟಿಗೆ ಇಲ್ಲಿ ಸೆಂಪಡಾನ್ ಎನ್ನುತ್ತಾರೆ. 2015ರ ನಿಯಮದ ಪ್ರಕಾರ ನಗರದೊಳಗೆ ಏರಿ ಕಟ್ಟಿರದ ಹೊಳೆಯಾದರೆ, ಆಳ 3 ಮೀಟರಿನವರೆಗೆ ಇದ್ದಲ್ಲಿ 10 ಮೀಟರ್, 20 ಮೀಟರಿನವರೆಗೆ ಇದ್ದಲ್ಲಿ 15, ಅದಕ್ಕೂ ಆಳವಿದ್ದರೆ 30 ಮೀಟರ್ ಬಿಡಬೇಕು. ಈಗಾಗಲೇ ಆ ಪಟ್ಟಿಯಲ್ಲಿರುವ ಮನೆಗಳು ಇದ್ದ ಹಾಗೇ ಇರಬೇಕು, ನಿಧಾನಕ್ಕೆ ತೆರವಾಗಬೇಕು ಎನ್ನುತ್ತದೆ 2011ರ ನದಿ ನಿಯಮ. ಹೊಸದಾಗಿ ಕಟ್ಟುವ ಹಾಗಿಲ್ಲ, ಬೆಳೆಸುವ ಹಾಗಿಲ್ಲ. ಫೋಟೋದಲ್ಲಿ ನೀರಿಗೆ ಅಂಟಿಕೊಂಡ ಹಾಗೆ ಕಾಣುವ ಮನೆಗಳು ಬಹುತೇಕ ಈ ಪಟ್ಟಿಯೊಳಗಿನವು. ಅಷ್ಟು ಚಂದದ ನೋಟ ಅಷ್ಟು ಕಡಿಮೆ ಬೆಲೆಗೆ ಸಿಗುವುದು ಇದಕ್ಕೇ.

ಹಳೆ ಕಾಗದಗಳ ಬಗ್ಗೆಯೂ ಹುಷಾರು. ಗಿರಿಕ್ ಎಂಬ ಪತ್ರ ತೋರಿಸುತ್ತಾರೆ. ಅದು ನಮ್ಮ ಕಡೆಯ ಕಂದಾಯ ಕಟ್ಟಿದ ರಸೀದಿಯಂಥದ್ದು. ಐದು ವರ್ಷದೊಳಗೆ ಇವನ್ನೆಲ್ಲ ನೋಂದಾಯಿಸಿಕೊಳ್ಳಿ ಎಂದು 2021ರಲ್ಲಿ ಸರ್ಕಾರ ಗಡುವು ಕೊಟ್ಟಿತ್ತು. 2026ರ ಫೆಬ್ರವರಿಯಲ್ಲಿ ಅದು ಮುಗಿಯಿತು. ಈಗ ಬರೀ ಗಿರಿಕ್ ಹಿಡಿದು ಒಡೆತನ ಸಾಬೀತು ಮಾಡಲಾಗುವುದಿಲ್ಲ.

ಊರಿಂದ ಹಣ ಕಳಿಸುವವರಿಗೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಲ್ಲಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಆಸ್ತಿ ಕೊಳ್ಳಲೂ ಬಹುದು. ಆದರೆ ಹೊರಗಿನ ಆಸ್ತಿಯನ್ನು ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ಸಿನಲ್ಲಿ ತೋರಿಸಬೇಕು. ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಬೇರೆಯವರ ಹೆಸರಲ್ಲಿರುವ ಮನೆಯನ್ನು ಅಲ್ಲಿ ಏನೆಂದು ಬರೆಯುತ್ತೀರಿ? ತೋರಿಸಿದರೆ ಇಲ್ಲಿನ ಕಾನೂನು, ತೋರಿಸದಿದ್ದರೆ ಅಲ್ಲಿನ ಕಾನೂನು. ನಿದ್ದೆ ಬರುವ ದುಡ್ಡಲ್ಲ ಅದು.

ನೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಈ ಊರು ಒಂದು ಕಾಲದಲ್ಲಿ ಪೂರ್ತಿ ತೋಡು, ಕಾಲುವೆ, ಜೌಗು. ಈಗ ಅಂಪೆರಾಗೆ ಹೋಗುವ ದೊಡ್ಡ ರಸ್ತೆ ಇರುವ ಜಾಗದಲ್ಲಿ ಮೊದಲು ತೆಂಕುರುಕ್ ಎಂಬ ತೊರೆ ಹರಿಯುತ್ತಿತ್ತು. ಡಚ್ಚರ ಕಾಲದಲ್ಲಿ ಅದನ್ನು ಮಣ್ಣು ಹಾಕಿ ಮುಚ್ಚಿದರು. ಜಕಾಬಾರಿಂಗ್ ಕೂಡ ಜೌಗಿನ ಮೇಲೆ ಮಣ್ಣು ತುಂಬಿ ಎಬ್ಬಿಸಿದ್ದು. ಒಂದು ಕಡೆ ಮಣ್ಣು ತುಂಬಿದರೆ ನೀರು ಇನ್ನೊಂದು ಕಡೆ ಹೋಗಲೇಬೇಕು. 2021ರ ಡಿಸೆಂಬರ್ 25ರಂದು ಸುರಿದ ಮಳೆಗೆ ಊರು ಮುಳುಗಿತು. ನಮ್ಮ ಬೀದಿಯಲ್ಲಿ ಕಂಬದ ಮನೆಗಳವರು ಮೇಲೆ ಕೂತು ಅನ್ನ ಬೇಯಿಸಿದರು. ಮಣ್ಣು ತುಂಬಿ ಕಟ್ಟಿದ ಹೊಸ ಕಾಂಕ್ರೀಟ್ ಮನೆಗಳವರು ಅವರ ಮನೆಗೆ ಬಂದು ಮಲಗಿದರು. ಆ ನೆರೆಯ ವಿಷಯದಲ್ಲಿ ವಾಲ್ಹಿ ಎಂಬ ಪರಿಸರ ಸಂಘಟನೆ ಮೇಯರ್ ವಿರುದ್ಧ ಕೋರ್ಟಿಗೆ ಹೋಯಿತು, 2022ರಲ್ಲಿ ಗೆದ್ದಿತು. ನಗರದಲ್ಲಿ 30 ಶೇಕಡಾ ಹಸಿರು ಜಾಗ ಇರಬೇಕು ಎನ್ನುವುದು ದೇಶದ ಕಾನೂನಲ್ಲೇ ಇದೆ. ಆದ್ದರಿಂದ ದಡದಲ್ಲಿ, ಜೌಗಿನಲ್ಲಿ ಇನ್ನು ಕಟ್ಟುವವರ ಮೇಲೆ ಕಣ್ಣು ಜಾಸ್ತಿಯಾಗುತ್ತಲೇ ಹೋಗುತ್ತದೆ.

ಬೇಸಿಗೆಗೂ ಒಂದು ಮುಖ ಇದೆ. ಮಳೆ ಕೈಕೊಟ್ಟ ವರ್ಷ ಹೊರಗಿನ ಜಿಲ್ಲೆಗಳ ಕೊಳೆನೆಲಕ್ಕೆ, ಅಂದರೆ ಕೊಳೆತ ಎಲೆ, ಬೇರು ತುಂಬಿದ ಜೌಗು ನೆಲಕ್ಕೆ, ಬೆಂಕಿ ಬೀಳುತ್ತದೆ. 2015ರಲ್ಲಿ, 2019ರಲ್ಲಿ ಹೊಗೆ ಎಷ್ಟಿತ್ತೆಂದರೆ ನಮ್ಮ ಕಡವಿನಿಂದ ಅಂಪೆರಾ ಕಾಣುತ್ತಿರಲಿಲ್ಲ. ಶಾಲೆ ಮುಚ್ಚಿದರು. ನನ್ನ ಮಗಳಿಗೆ ವಾರಗಟ್ಟಲೆ ಕೆಮ್ಮು. ಹೋಮ್‌ಸ್ಟೇ ಲೆಕ್ಕ ಹಾಕುವಾಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಕೋಣೆಗಳು ಖಾಲಿ ಇರುವ ವರ್ಷವೂ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದರೆ ಇಲ್ಲಿಗೆ ಬರಲೇಬೇಡಿ ಎಂದ ಹಾಗಾಯಿತೇನೋ. ಇಲ್ಲ. ನನಗೆ ಈ ಊರಿನ ಮೇಲೆ ಪ್ರೀತಿ ಇದೆ, ನೀವು ಬರಬೇಕು ಎಂದೂ ಆಸೆ ಇದೆ. ಊರಿನ ಪಶ್ಚಿಮಕ್ಕೆ ತಲಾಂಗ್ ತುವೋ ಎಂಬಲ್ಲಿ 1920ರಲ್ಲಿ ಒಂದು ಶಾಸನ ಸಿಕ್ಕಿತು. ಹಿಂದೆ ಈ ಸೀಮೆಯನ್ನು ಆಳಿದ ಶ್ರೀವಿಜಯ ಎಂಬ ರಾಜ್ಯದ ರಾಜ ಜಯನಾಶ 684ರಲ್ಲಿ ಬರೆಸಿದ್ದು. ಹಳೆ ಮಲಯ ಭಾಷೆ, ಆದರೆ ಲಿಪಿ ನಮ್ಮ ದಕ್ಷಿಣದ ಪಲ್ಲವ ಲಿಪಿ. ಅದರಲ್ಲಿ ರಾಜ ಒಂದು ತೋಟ ಮಾಡಿಸಿದ ವಿಷಯ ಇದೆ. ತೆಂಗು, ಅಡಿಕೆ, ಬಗನೆಯಂಥ ತಾಳೆ, ಬಿದಿರು, ಕೆರೆಗಳು. ಇವೆಲ್ಲ ಎಲ್ಲ ಜೀವಿಗಳ ಒಳ್ಳೆಯದಕ್ಕೆ ಇರಲಿ ಎಂದು ಬರೆಸಿದ್ದಾನೆ. ಅಡಿಕೆ ತೋಟದ ಮನೆಯಿಂದ ಬಂದ ನನಗೆ ಅದನ್ನು ತಿಳಿದ ದಿನ ಎಷ್ಟು ಖುಷಿಯಾಯಿತು ಎಂದು ಹೇಳಲಾರೆ. ನೀರಿನ ಪಕ್ಕ ಹೂಡುವ ದುಡ್ಡು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ತೋಟದ ವಿಷಯ ಹೇಳುತ್ತೇನೆ.

ನಿಜವಾಗಿ ದುಡ್ಡು ಹಾಕಬೇಕೆಂದಿದ್ದರೆ ಹೀಗೆ ಮಾಡಿ. ಮೊದಲು ಒಂದು ವರ್ಷ ಬಾಡಿಗೆಗೆ ಇರಿ. ಒಂದು ಮಳೆಗಾಲ, ಒಂದು ಹೊಗೆಗಾಲ ಕಣ್ಣಾರೆ ನೋಡಿ. ಇಲ್ಲಿನ ಭಾಷೆ ಕಲಿಯಿರಿ, ಕಷ್ಟವಿಲ್ಲ. ಆಮೇಲೂ ಮನೆ ಬೇಕೆನಿಸಿದರೆ ದಡದಿಂದ ದೂರ, ಎತ್ತರದ ನೆಲದಲ್ಲಿ, ನಿಮ್ಮ ಹೆಸರಲ್ಲೇ ಹಕ್ ಪಕೈ ಆಗುವ ಮನೆ ನೋಡಿ. ಸರ್ಟಿಫಿಕೇಟನ್ನು ಜಮೀನು ಕಚೇರಿಯಲ್ಲಿ ನಿಮ್ಮ ಕಡೆಯ ನೋಟರಿಯಿಂದಲೇ ಪರಿಶೀಲಿಸಿ, ಮಾರುವವರ ಕಡೆಯವರಿಂದ ಅಲ್ಲ. ಆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಹೋಗಿ ಕೇಳಿ. ಕಾಗದದಲ್ಲಿ ಇರುವ ಹೆಸರು ಬೇರೆ, ಒಲೆ ಹಚ್ಚುವವರು ಬೇರೆ ಇರಬಹುದು.

ದಡದ ಮೇಲೇ ಆಸೆ ಇದ್ದರೆ, ಮನೆ ಅವರದ್ದೇ ಇರಲಿ. ಯುಕ್ ಮನೆಯ ಪಕ್ಕದ ಎರಡು ಕೋಣೆಗಳನ್ನು ರಿಪೇರಿ ಮಾಡಲು ನಾವು ಮೂವರು ಸ್ನೇಹಿತರು ಮೂರು ವರ್ಷದ ಬಾಡಿಗೆಯನ್ನು ಮೊದಲೇ ಕೊಟ್ಟೆವು. ಅವರು ಅದರಲ್ಲಿ ಕಂಬ ಬದಲಿಸಿದರು, ಒಂದು ಒಳ್ಳೆ ಶೌಚಾಲಯ ಕಟ್ಟಿಸಿದರು, ಅದರ ನೀರು ಹೊಳೆಗೆ ಹೋಗದ ಹಾಗೆ ಟ್ಯಾಂಕ್ ಇಟ್ಟರು. ಬರುವ ಅತಿಥಿಗಳ ದುಡ್ಡು ಅವರಿಗೇ. ನಮ್ಮ ಬಂಧುಗಳು ಬಂದಾಗ ಅಲ್ಲಿ ಉಳಿಯುತ್ತಾರೆ. ಇದರಲ್ಲಿ ನಮಗೆ ಲಾಭ ಎಂದು ಹೇಳುವಂಥದ್ದೇನೂ ಬಂದಿಲ್ಲ, ನಷ್ಟವೂ ಆಗಿಲ್ಲ. 2016ರಲ್ಲಿ ಕಳೆದುಕೊಂಡ ಎರಡು ಲಕ್ಷಕ್ಕಿಂತ ಕಡಿಮೆ ದುಡ್ಡು ಅದು. ಮಗುವಿಗೆ ಊಟ ಮಾಡಿಸುತ್ತಿದ್ದ ಆ ಹೆಂಗಸು ಇವತ್ತೂ ಅದೇ ಮನೆಯಲ್ಲಿದ್ದಾರೆ. ಮಗು ಈಗ ಹೈಸ್ಕೂಲಿಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ಓಂ ಎಂದು ಕರೆಯುತ್ತಾನೆ. ಇಲ್ಲಿನ ಭಾಷೆಯಲ್ಲಿ ಹಾಗಂದರೆ ಮಾವ.

ಜಾಗ ತೋರಿಸುತ್ತೇನೆ ಎಂದು ಫೋನು ಮಾಡುವವರಿಗೆ ಈ ಪತ್ರ ಕಳಿಸಿ. ಆಮೇಲೂ ಅವರು "ಏನೂ ಆಗಲ್ಲ, ನನ್ನ ಹೆಸರಲ್ಲಿ ಮಾಡೋಣ" ಎಂದರೆ ಅಲ್ಲಿಗೇ ನಿಲ್ಲಿಸಿ.

ಜನವರಿಯಲ್ಲಿ ಬನ್ನಿ, ಮಳೆ ಜೋರಿರುತ್ತದೆ. ಯುಕ್ ಹತ್ತಿರ ಕೋಣೆ ಹೇಳಿಡುತ್ತೇನೆ. ಕಂಬದ ಗೆರೆಗಳನ್ನು ಅವರೇ ತೋರಿಸುತ್ತಾರೆ. ಬರುವಾಗ ಊರಿನ ಹುಣಸೆಹಣ್ಣು ಅರ್ಧ ಕಿಲೋ ತನ್ನಿ. ಹೋದ ಸಲ ತಂದದ್ದನ್ನು ಅವರು ಚುಕೋಗೆ ಹಾಕಿ ನೋಡಿದ್ದಾರೆ, ಮತ್ತೆ ಯಾವಾಗ ತರುತ್ತೀ ಎಂದು ಕೇಳುತ್ತಲೇ ಇದ್ದಾರೆ.

ಇಂತಿ,
ಪಾಲೆಂಬಾಂಗಿನ ಉಲು ದಡದಿಂದ ಒಬ್ಬ ಸುಳ್ಯದವನು